ಕಾಕಾ ಅಳಿಸಿದ ಹೆಸರು

ಮೊನ್ನೆ ಮಗಳು ಚಿತ್ರ ಬರೆಯಲೆಂದು ಕಪ್ಪು ಮಾರ್ಕರಿನ ಮುಚ್ಚಳ ತೆಗೆದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕಾಚಿಗೂಡದ ಕಾಕಾ ನೆನಪಾದರು…

ಹೈದರಾಬಾದಿನಲ್ಲಿ ಐಟಿ ಕಂಪನಿಗಳು ಒಂದರ ಹಿಂದೊಂದು ತೆರೆಯುತ್ತಿದ್ದ ಕಾಲ. ನಾನು ಬೇಗಂಪೇಟೆಯಲ್ಲಿ ಕೆಲಸಕ್ಕಿದ್ದೆ, ಕಾಕಾ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಅವರದು ನಾಂಪಲ್ಲಿಯಲ್ಲಿ ಸರ್ಕಾರಿ ನೌಕರಿ. ಜಮೀನು ಕಬಳಿಸುವ ಗೂಂಡಾ ಗ್ಯಾಂಗುಗಳ ಹಳೆಯ ಫೈಲುಗಳಿಂದ ಯಾರಿಗಾದರೂ ನಕಲು ಕೊಡುವಾಗ, ಪೊಲೀಸರಿಗೆ ಸುಳಿವು ಕೊಟ್ಟವರ ಹೆಸರುಗಳನ್ನು ಮಾರ್ಕರಿನಿಂದ ಮುಚ್ಚುವುದು ಅವರ ಕೆಲಸ. ಆ ಚಾಳಿ ಮನೆಗೂ ಬಂದಿತ್ತು. ಮದುವೆ ಕಾರ್ಡನ್ನು ರದ್ದಿಗೆ ಹಾಕುವ ಮುಂಚೆ ವಧೂವರರ ಹೆಸರಿಗೂ ಕಪ್ಪು ಬಳಿಯುತ್ತಿದ್ದರು ಪುಣ್ಯಾತ್ಮ! ಅವರ ಹೆಂಡತಿ ಕಾಕು ಹಣೆ ಹಣೆ ಬಡಿದುಕೊಳ್ಳುತ್ತಿದ್ದರು.

ಒಂದು ಭಾನುವಾರ ಕಾಕಾ ಪತ್ರಿಕೆಯ ಹಾಳೆ ಹಿಡಿದು ಮೇಲೆ ಬಂದರು. ಪರೀಕ್ಷಿಸಿ ನೋಡಲೆಂದು ಅದರಲ್ಲಿನ ಯಾವುದೋ ಒಂದು ಹೆಸರಿಗೆ ಮಾರ್ಕರ್ ಬಳಿದಿದ್ದರು.

"ತಂಗಿ, ನಿನ್ನ ಕಂಪ್ಯೂಟರಿನಾಗ ಇದರ ಕೆಳಗಿನ ಅಕ್ಷರ ಕಾಣ್ತಾವೇನು?"

ಸ್ಕ್ಯಾನ್ ಮಾಡಿ ಬೆಳಕು ಹೆಚ್ಚಿಸಿದೆ. ಕಪ್ಪು ಮಸುಕಾಗಿ ಹೆಸರು ಒಂದೊಂದೇ ಅಕ್ಷರವಾಗಿ ಎದ್ದು ಬಂತು. ನನಗೆ ಖುಷಿ. ಕಾಕಾ ಮುಖ ಬಾಡಿಹೋಯಿತು.

"ನಾಳೆ ಗ್ಯಾಂಗಿನವರ ವಕೀಲರಿಗೆ ನಕಲು ಹೋಗೋದೈತಿ… ಅದರಾಗ ಸುಳಿವು ಕೊಟ್ಟಾಕಿ ಒಬ್ಬ ಹೆಣ್ಮಗಳು, ಇನ್ನೂ ಬದುಕ್ಯಾಳವಾ."

ಜಮೀನಿನ ಬೆಲೆ ಗಗನಕ್ಕೇರಿತ್ತು. ಹಿಂದೆ ಬಾಯಿಬಿಟ್ಟವರು ಯಾರೆಂದು ಗ್ಯಾಂಗಿನವರು ಮತ್ತೆ ಹುಡುಕುತ್ತಿದ್ದರು. ಕಾಕಾ ಚಹಾ ಕೂಡ ಮುಟ್ಟದೆ ಇಳಿದು ಹೋದರು.

ಮರುದಿನ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ, ನಕಲಿನಲ್ಲಿ ಆಕೆಯ ಹೆಸರಿದ್ದಲ್ಲೆಲ್ಲ ಬ್ಲೇಡಿನಿಂದ ಕತ್ತರಿಸಿ ತೆಗೆದರಂತೆ. ತೂತುಬಿದ್ದ ಹಾಳೆಗಳನ್ನು ಕಂಡು ಸಾಹೇಬರು ಕೆಂಡಾಮಂಡಲವಾಗಿ ಮೆಮೊ ಕೊಟ್ಟರು. ನಮ್ಮ ಕಾಕಾ ಮನೆಗೆ ಬಂದು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ನಿಶ್ಚಿಂತೆಯಾಗಿ ಉಂಡರು. ಆ ಹೆಣ್ಣುಮಗಳು ಯಾರೆಂದು ಕೇಳಿದೆ.

"ಯಾವ ಹೆಣ್ಮಗಳು?" ಎಂದರು, ಏನೂ ತಿಳಿಯದವರ ಹಾಗೆ. ಅವರನ್ನು ನಾನು ಎಷ್ಟು ಹಚ್ಚಿಕೊಂಡಿದ್ದೆ ಎಂಬುದು ಆಗ ತಿಳಿಯಿತು.

ಕಾಕಾ ತೀರಿಕೊಂಡು ವರ್ಷವಾಗುತ್ತ ಬಂತು. ಕೊನೆಕೊನೆಗೆ ಮರೆವು ಬಂದು ಕಾಕುವಿನ ಹೆಸರೂ ನೆನಪಿರಲಿಲ್ಲ ಪಾಪ… ಮೊನ್ನೆ ಸಂಜೆ ಕಾಕುಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ, ಆಮೇಲೆ ದನಿ ತಗ್ಗಿಸಿ ಒಂದು ಹೆಸರು ಹೇಳಿದರು.

"ಆಕಿ ಆರಾಮ ಇದ್ದಾಳೇನು ಅಂತ ದಿನಾ ನನ್ನ ಕೇಳ್ತಿದ್ರವಾ. ಯಾರು ಆಕಿ? ನಿನಗೇನರ ಗೊತ್ತೈತೇನು?"

ಬ್ಲೇಡಿನ ಕತೆಯನ್ನೆಲ್ಲ ಹೇಳಿದೆ. ಕಾಕು ಬಹಳ ಹೊತ್ತು ಅತ್ತರು. ನನಗೂ ಅಳು ತಡೆಯಲಾಗಲಿಲ್ಲ.

"ಹಂಗಾದ್ರ ನೀನೂ ಮರತುಬಿಡವಾ ಆ ಹೆಸರು" ಎಂದು ಕಾಕು ಫೋನ್ ಇಟ್ಟರು.

ಮರೆಯಲು ಆಗಿಲ್ಲ. ಆದರೆ ಇಲ್ಲಿ ಬರೆಯುವುದಿಲ್ಲ.