ಸರ್ವೋತ್ತಮರ ಮಾದರಿ ಟೆರೇಸು

ಬನ್ನಂಜೆಯ ಸರ್ವೋತ್ತಮರು ಮಳೆನೀರನ್ನು ತಡೆಯುವ ವಿದ್ಯೆ ಕಲಿತದ್ದು ಮಸ್ಕತ್‌ನಲ್ಲಿ. ಮಳೆ ಅಪರೂಪಕ್ಕೊಮ್ಮೆ ಬಂದು, ಬಂದ ದಿನ ಜನ ಕೆಲಸ ಬಿಟ್ಟು ಹೊರಗೆ ನಿಂತು ನೋಡುವ ಊರದು. ಅಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಅವರು ‘ವಾಟರ್‌ಪ್ರೂಫಿಂಗ್ ಲೈನಿನಲ್ಲಿ’ ಇದ್ದರು. ಈ ಮಾತನ್ನು ಮದುವೆಯ ಊಟದ ಸಾಲಿನಲ್ಲಿ ಅವರು ಹೇಳುವ ಠೀವಿ ಕಂಡವರು, ಇವರು ಸಮುದ್ರವನ್ನೇ ಅಡ್ಡಗಟ್ಟಿ ಬಂದಿರಬೇಕು ಎಂದುಕೊಳ್ಳುತ್ತಿದ್ದರು. ಹೆಂಡತಿ ಗುಣವತಿಗೆ ಮಾತ್ರ ನಿಜ ಗೊತ್ತಿತ್ತು. ಅವರು ಇದ್ದದ್ದು ಕಂಪೆನಿಯ ಸ್ಟೋರಿನಲ್ಲಿ. ಡಾಮರು ಹಾಳೆಯ ಸುರುಳಿಗಳನ್ನು ಲಾರಿಗೆ ಹೇರಿಸಿ ಕಳಿಸುವುದು, ಉಳಿದದ್ದನ್ನು ಬೀಗ ಹಾಕಿ ಕಾಯುವುದು. ಲಾರಿ ಹೊರಟ ಮೇಲೆ ಆ ಸುರುಳಿ ಯಾವ ಮನೆಯ ಮೇಲೆ ಹೇಗೆ ಅಂಟಿಕೊಂಡಿತು ಎನ್ನುವುದು ಅವರ ತಲೆನೋವಾಗಿರಲಿಲ್ಲ. ಸುರುಳಿಗೆ ಕೈ ಕೊಟ್ಟು ಬಂದ ಬೆನ್ನುನೋವಿನ ಕತೆಯನ್ನು ಶುಕ್ರವಾರ ಶುಕ್ರವಾರ ಫೋನಿನಲ್ಲಿ ಕೇಳಿದವಳು ಅವಳೇ ಅಲ್ಲವೇ!

ಗಂಟುಮೂಟೆ ಕಟ್ಟಿ ಊರಿಗೆ ಬಂದವರಿಗೆ ಸುಮ್ಮನೆ ಕೂರುವುದು ಆಗಲಿಲ್ಲ. ಬೆಳಿಗ್ಗೆ ಬನಿಯನ್ನಿನಲ್ಲಿ ಕುಳಿತು ಮೊಬೈಲಿನಲ್ಲಿ ವೀಡಿಯೋ ನೋಡುತ್ತಿದ್ದರು. ಸ್ಟೋರಿನಲ್ಲಿ ಕಲಿಯದೆ ಬಿಟ್ಟದ್ದನ್ನೆಲ್ಲ ಹೀಗೆ ಒಂದು ತಿಂಗಳಲ್ಲಿ ಕಲಿತು ಮುಗಿಸಿ, ಟೆರೇಸು ಸೋರದಂತೆ ಡಾಮರು ಹಾಸುವ ಕಂತ್ರಾಟು ಹಿಡಿಯುವುದೆಂದು ಘೋಷಿಸಿದರು. ಗಿರಾಕಿಗಳಿಗೆ ತೋರಿಸಲು ಒಂದು ಮಾದರಿ ಬೇಕಿತ್ತು. ಅವರ ಕಣ್ಣು ಬಿದ್ದದ್ದು ಸ್ವಂತ ಮನೆಯ ಮೇಲೆ. ಕಟ್ಟಿದಂದಿನಿಂದ ಒಂದು ಹನಿ ಸೋರದ ಮನೆ ಅದು. ರೋಗವಿಲ್ಲದವನನ್ನು ಹಿಡಿದು ಮಲಗಿಸಿ ಹೊಟ್ಟೆ ಕೊಯ್ಯುವ ಡಾಕ್ಟರರನ್ನು ಗುಣವತಿ ಅದುವರೆಗೆ ಕಂಡಿರಲಿಲ್ಲ.

ಅವಳಿಗೆ ಚಿಂತೆ ಹತ್ತಿದ್ದು ಡಾಮರಿನದ್ದಲ್ಲ. ಆ ಟೆರೇಸು ಅವಳದ್ದಾಗಿತ್ತು. ಕಾಗದದಲ್ಲಿ ಗಂಡನ ಹೆಸರು ಇರಬಹುದು, ಆದರೆ ಅಲ್ಲಿ ಬೇಸಗೆಯಿಡೀ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸಿದವಳು ಅವಳು. ಕೊಬ್ಬರಿ, ಅರಸಿನ, ಪುನರ್ಪುಳಿ ಸಿಪ್ಪೆ, ಎಲ್ಲದಕ್ಕೂ ಅಲ್ಲಿ ಒಂದೊಂದು ಮೂಲೆ ಇತ್ತು. ಹಪ್ಪಳವನ್ನು ಮಣಿಪಾಲದ ಒಂದು ಅಂಗಡಿಯವರು ಕೇಳಿ ಕೇಳಿ ಒಯ್ಯುತ್ತಿದ್ದರು. ಗಂಡ ಕಳಿಸುವ ದುಡ್ಡಿನ ಮನೆಯಲ್ಲಿ, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲದ ಒಂದು ಸಂಪಾದನೆ ಅವಳಿಗೆ ಇದ್ದದ್ದು ಆ ಬಿಸಿಲಿನಿಂದ. ಅದು ಕೈತಪ್ಪಿದರೆ ಒಂದು ಸೀರೆಗೂ ಅವರ ಮುಖ ನೋಡಬೇಕಾಗುತ್ತದೆ ಎನ್ನುವುದೇ ಅವಳ ಹೆದರಿಕೆ. ಮಳೆಗಾಲದಲ್ಲಿಯೂ ಅವಳು ಬೆಳಿಗ್ಗೆ ಕೊಡೆ ಹಿಡಿದು ಒಮ್ಮೆ ಮೇಲೆ ಹೋಗುವವಳೇ. ಪಕ್ಕದ ಮನೆಯ ಲೊರ್ನಾ ಬಾಯಿಯ ಹಲಸಿನ ಮರ ಇತ್ತ ಬಾಗಿ ಎಲೆ ಉದುರಿಸುತ್ತಿತ್ತು. ನೀರು ಹೋಗುವ ಕೊಳವೆಯ ಬಾಯಿಗೆ ಕೂತ ಎಲೆಗಳನ್ನು ಕೈಯಿಂದಲೇ ಬಾಚಿ ತೆಗೆದು, ಲೊರ್ನಾ ಬಾಯಿ ಕಂಡರೆ ಎರಡು ಮಾತಾಡಿ ಇಳಿಯುತ್ತಿದ್ದಳು. ಇದನ್ನು ಒಂದು ಕೆಲಸವೆಂದು ಅವಳೂ ಎಣಿಸಿರಲಿಲ್ಲ.

ಮೇ ತಿಂಗಳಲ್ಲಿ ಕಾರ್ಕಳದಿಂದ ಇಬ್ಬರು ಆಳುಗಳು ಗ್ಯಾಸಿನ ಸಿಲಿಂಡರು, ಬೆಂಕಿ ಉಗುಳುವ ಕೊಳವೆ ಹಿಡಿದು ಬಂದರು. ಹಾಳೆ ಬಿಚ್ಚುತ್ತಾ, ಅಡಿಯನ್ನು ಕರಗಿಸುತ್ತಾ, ಒತ್ತಿ ಅಂಟಿಸುತ್ತಾ ಹೋದರು. ಸರ್ವೋತ್ತಮರು ತಲೆಗೆ ಹಳದಿ ಹೆಲ್ಮೆಟ್ ಏರಿಸಿ, ಕೈ ಬೆನ್ನ ಹಿಂದೆ ಕಟ್ಟಿ, ಅರಬ್ಬಿಯಲ್ಲಿ ಗೊತ್ತಿದ್ದ ನಾಲ್ಕು ಪದಗಳಲ್ಲಿ ಅವರನ್ನು ಬೈದರು. ಹಾಳೆಯನ್ನು ಸುತ್ತಲಿನ ಕಟ್ಟೆಗೋಡೆಗೆ ಇನ್ನಷ್ಟು ಮೇಲೆ ಹತ್ತಿಸಬೇಕು ಎಂದ ಆಳಿಗೆ, ನಾಲ್ಕು ಬೆರಳು ಸಾಕು, ಮಸ್ಕತ್‌ನಲ್ಲಿ ಅಷ್ಟೇ ಎಂದರು. ಕೊಳವೆಯ ಬಾಯಿಗೆ ಕಸ ಹೋಗದಂತೆ ಸಣ್ಣ ಕಣ್ಣಿನ ಜಾಲರಿ ಕೂರಿಸಿದರು. ಹೊಗೆಗೆ ಲೊರ್ನಾ ಬಾಯಿ ಕೆಮ್ಮುತ್ತಾ ಕಿಟಕಿ ಮುಚ್ಚಿಕೊಂಡರು.

ಕೆಲಸ ಮುಗಿದ ಸಂಜೆ ಟೆರೇಸಿನ ಬಾಗಿಲಿಗೆ ಬೀಗ ಬಿತ್ತು. ಬಿಸಿಲಿಗೆ ಡಾಮರು ಮೆತ್ತಗಾಗುತ್ತದೆ, ಕಾಲಿಟ್ಟರೆ ಅಚ್ಚು ಮೂಡುತ್ತದೆ, ಚಾಪೆ ಹಾಸಿದರೆ ಅಂಟುತ್ತದೆ, ಆದ್ದರಿಂದ ಹಪ್ಪಳ ಗಿಪ್ಪಳ ಏನೂ ಮೇಲೆ ಹೋಗಕೂಡದು ಎಂದು ಅಪ್ಪಣೆಯಾಯಿತು. ಬೀಗದ ಕೈ ಅವರ ಜೇಬಿಗೆ ಸೇರಿತು. ಗುಣವತಿ ಅಂಗಳದಲ್ಲಿ ಹಪ್ಪಳ ಹರಡಿದಳು. ಅರ್ಧ ದಿನ ಹಲಸಿನ ಮರದ ನೆರಳು, ಉಳಿದರ್ಧ ದಿನ ಕಾಗೆ. ಸರಿಯಾಗಿ ಒಣಗದ ಹಪ್ಪಳಕ್ಕೆ ಬೂಸ್ಟು ಹಿಡಿಯಿತು, ಅಂಗಡಿಯವರು ಕಟ್ಟುಗಳನ್ನು ಹಾಗೆಯೇ ವಾಪಸು ಕಳಿಸಿದರು. ಗಂಡ ಅದೇ ಹೊತ್ತಿಗೆ ಯಾರೋ ಗಿರಾಕಿಯನ್ನು ಮೇಲೆ ಕರೆದೊಯ್ದು ಕಪ್ಪು ನೆಲವನ್ನು ದೇವರ ಮೂರ್ತಿ ತೋರಿಸುವ ಹಾಗೆ ತೋರಿಸುತ್ತಿದ್ದರು. ಬಂದವರು ಹೌದೌದು ಎಂದು ತಲೆಯಾಡಿಸಿ, ಚಹಾ ಕುಡಿದು, ಹೋಗಿ ಬೇರೆಯವರಿಂದ ಕೆಲಸ ಮಾಡಿಸಿಕೊಳ್ಳುತ್ತಿದ್ದರು. ಜೂನ್ ಬಂದ ಮೇಲೆ ಮಳೆಯಲ್ಲಿ ಮೇಲೆ ಹತ್ತುವ ಗಿರಾಕಿಗಳೂ ಇರಲಿಲ್ಲ, ಬೀಗ ತೆಗೆಯುವ ಕಾರಣವೂ ಇರಲಿಲ್ಲ.

ಜುಲೈಯಲ್ಲಿ ಮಳೆ ಹಿಡಿದು ಬಾರಿಸುತ್ತಿದ್ದ ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದ ಗುಣವತಿಗೆ ಏನೋ ಕಡಿಮೆಯಾದಂತೆ ಅನಿಸಿತು. ಟೆರೇಸಿನ ನೀರು ಇಳಿಯುವ ಹಿತ್ತಲಿನ ಕೊಳವೆ ಅಷ್ಟು ಮಳೆಗೂ ಸದ್ದು ಮಾಡುತ್ತಿರಲಿಲ್ಲ. ಅದರಲ್ಲಿ ನೂಲಿನಂಥ ನೀರು ಮಾತ್ರ. ಮೇಲೆ ಎಲೆ ಕಟ್ಟಿರಬೇಕು, ಬೀಗದ ಕೈ ಕೊಡಿ ಎಂದು ಕೇಳಿದಳು. ಸರ್ವೋತ್ತಮರು ಮೊಬೈಲಿನಿಂದ ಕಣ್ಣೆತ್ತದೆ, ನೀರು ನಿಂತರೆ ಒಳ್ಳೆಯದೇ, ಇದಕ್ಕೆ ‘ಪಾಂಡ್ ಟೆಸ್ಟ್’ ಎನ್ನುತ್ತಾರೆ, ಮಸ್ಕತ್‌ನಲ್ಲಿ ಬೇಕೆಂದೇ ನೀರು ತುಂಬಿಸಿ ನೋಡುತ್ತೇವೆ ಎಂದರು. ಮರುದಿನವೂ ಕೇಳಿದಳು, ಅದೇ ಉತ್ತರ ಬಂತು. ಮೂರನೆಯ ಸಲ ಕೇಳುವ ಅಭ್ಯಾಸ ಅವಳಿಗಿಲ್ಲ.

ಅದೇ ವಾರ ಯಶ್ವಂತ್ ಬಂದ. ಕಾಪುವಿನ ದೋಣಿಯವರ ಮನೆಯವನು, ನಿಟ್ಟೆಯಲ್ಲಿ ವಿದ್ಯಾರ್ಥಿಗಳಿಗೆ ದೊಡ್ಡದೊಂದು ಪಿ.ಜಿ. ಕಟ್ಟಿಸುತ್ತಿದ್ದ. ಅದರ ಟೆರೇಸು ಸಿಕ್ಕಿದರೆ ಸರ್ವೋತ್ತಮರ ಹೆಸರು ನಿಲ್ಲುತ್ತಿತ್ತು. ಚಾವಡಿಯಲ್ಲಿ ಕೂರಿಸಿ, ಮಸ್ಕತ್‌ನ ಅರಮನೆಯಂಥ ಕಟ್ಟಡಗಳ ಬಗ್ಗೆ ಹೇಳತೊಡಗಿದರು. ಗುಣವತಿ ಚಹಾ, ಬಿಸಿಯಾಗಿ ಕರಿದ ಬಾಳೆಕಾಯಿ ಪೋಡಿ ತಂದಿಟ್ಟಳು. ಯಶ್ವಂತ್ ಲೋಟಕ್ಕೆ ಕೈ ಚಾಚಬೇಕೆನ್ನುವಾಗ ಅದರೊಳಗೆ ಮೇಲಿನಿಂದ ಒಂದು ಕಂದು ಹನಿ ಬಿತ್ತು. ಅವನು ಮೇಲೆ ನೋಡಿದ. ಇನ್ನೊಂದು ಪೋಡಿಯ ಮೇಲೆ ಬಿತ್ತು. ಆಮೇಲೆ ಹನಿಗಳು ಲೆಕ್ಕಕ್ಕೆ ಸಿಗಲಿಲ್ಲ. ಟೆರೇಸಿಗೆ ಹತ್ತುವ ಮೆಟ್ಟಿಲಿನಿಂದ ನೀರು ತಣ್ಣಗೆ ಒಂದೊಂದೇ ಹಂತ ಇಳಿದು ಬಂದು ಸೋಫಾದ ಕಾಲು ಮುಟ್ಟಿತು.

ಆ ಕ್ಷಣದಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಸರ್ವೋತ್ತಮರ ಅರ್ಧ ಮಾನವಾದರೂ ಉಳಿಯುತ್ತಿತ್ತು. ಆದರೆ ಅವರು ನಕ್ಕರು. ಈಗ ಇದು ಏನೂ ಅಲ್ಲ ಮಾರಾಯ, ಡಾಮರು ಹಾಕುವ ಮೊದಲು ನೋಡಬೇಕಿತ್ತು, ಚಾವಡಿಯಿಡೀ ಬಕೆಟು ಇಟ್ಟು ಮಲಗುತ್ತಿದ್ದೆವು, ನೂರರಲ್ಲಿ ತೊಂಬತ್ತು ಪಾಲು ನಿಂತಿದೆ ಎಂದರು. ಯಶ್ವಂತ್ ಒಳ್ಳೆಯ ಹುಡುಗ, ನಂಬುವ ಮನಸ್ಸಿನಿಂದಲೇ ಗುಣವತಿಯ ಕಡೆ ತಿರುಗಿದ.

“ಹೌದಾ ಅಕ್ಕ? ಮೊದಲು ಇದಕ್ಕಿಂತ ಹೆಚ್ಚು ಸೋರ್ತಿತ್ತಾ?”

ಗಂಡ ಕಣ್ಣಿನಲ್ಲೇ ಏನೋ ಹೇಳಿದರು. ಇಷ್ಟು ವರ್ಷ ನಾಲ್ಕು ಜನರ ಎದುರು ಆ ಕಣ್ಣಿಗೆ ಅವಳು ಸೋಲುತ್ತಲೇ ಬಂದಿದ್ದಳು. ಆದರೆ ತಾನು ಕಾಯ್ದುಕೊಂಡು ಬಂದ ಮನೆಯ ಮೇಲೆ ಸೋರುವ ಮನೆಯೆಂಬ ಅಪವಾದ ಬೀಳುವುದನ್ನು ಸಹಿಸಲು ಅವಳಿಂದ ಆಗಲಿಲ್ಲ. ಬೂಸ್ಟು ಹಿಡಿದ ಹಪ್ಪಳದ ಸಿಟ್ಟೂ ಒಳಗೆ ಇತ್ತು.

“ಇಲ್ಲ. ಒಂದು ಹನಿ ಸಹ ಸೋರ್ತಿರಲಿಲ್ಲ. ಇವರು ಡಾಮರು ಹಾಕಿದ ಮೇಲೆ ಸುರು ಆದದ್ದು.”

ಹೇಳಿ ಗಂಡನ ಮುಂದೆ ಅಂಗೈ ಚಾಚಿದಳು. ಅವರು ಜೇಬಿನಿಂದ ಬೀಗದ ಕೈ ತೆಗೆದು ಕೊಟ್ಟರು.

ಮೇಲೆ ಕೆರೆಯೇ ಆಗಿತ್ತು. ನೀರು ಡಾಮರು ಹಾಳೆಯ ನಾಲ್ಕು ಬೆರಳಿನ ಅಂಚನ್ನು ಯಾವಾಗಲೋ ದಾಟಿ ಅದರ ಹಿಂದಿನಿಂದ ಒಳಗಿಳಿದಿತ್ತು, ಸಾಲದ್ದಕ್ಕೆ ಬಾಗಿಲ ಹೊಸ್ತಿಲನ್ನೂ ಹತ್ತಿತ್ತು. ಗುಣವತಿ ಸೀರೆ ಎತ್ತಿ ಸಿಕ್ಕಿಸಿ ಮೂಲೆಗೆ ನಡೆದಳು. ಮೊಣಕೈವರೆಗೆ ಕೈ ಇಳಿಸಿ, ಜಾಲರಿಗೆ ಚರ್ಮದ ಹಾಗೆ ಅಂಟಿಕೊಂಡಿದ್ದ ಹಲಸಿನ ಎಲೆಗಳನ್ನು ಪದರು ಪದರಾಗಿ ಕಿತ್ತಳು. ಕೊನೆಗೆ ಜಾಲರಿಯನ್ನೇ ಕಿತ್ತು ಲೊರ್ನಾ ಬಾಯಿಯ ಹಿತ್ತಲಿಗೆ ಎಸೆದಳು. ನೀರು ದೊಡ್ಡದಾಗಿ ಗೊರಕೆ ಹೊಡೆದು ಕೆಳಗೆ ಧುಮುಕಿತು. ಆ ಸದ್ದು ಚಾವಡಿಗೂ ಕೇಳಿತು. ಯಶ್ವಂತ್ ಎದ್ದು ನಿಂತು, ಮಳೆಗಾಲ ಮುಗಿಯಲಿ ಸರ್ವೋತ್ತಮಣ್ಣ, ಆಮೇಲೆ ನೋಡುವ ಎಂದು ಹೇಳಿ ಕೊಡೆ ಹುಡುಕಿದ. ಆ ಮಾತಿನ ಅರ್ಥ ಈ ಊರಿನಲ್ಲಿ ಎಲ್ಲರಿಗೂ ಗೊತ್ತಿದೆ.

ಗುಣವತಿ ಒದ್ದೆಯಾಗಿ ಇಳಿದು ಬಂದು ಹನಿ ಬೀಳುವಲ್ಲೆಲ್ಲ ಬಕೆಟು, ಪಾತ್ರೆ ಇಟ್ಟಳು. ಹಾಳೆಯ ಅಡಿಗೆ ಹೊಕ್ಕ ನೀರಿಗೆ ಈಗ ಚಾವಡಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ, ಅದು ಇನ್ನೂ ಕೆಲವು ದಿನ ಹೀಗೆಯೇ ಇಳಿಯುವುದಿತ್ತು. ಸರ್ವೋತ್ತಮರು ಸೋಫಾದಲ್ಲಿ ಕಾಲು ಮೇಲೆತ್ತಿ ಕುಳಿತಿದ್ದರು. ಹೊರಗಿನವನ ಎದುರು ಗಂಡನ ಮರ್ಯಾದೆ ಕಳೆದೆ ಎಂದು ಗೊಣಗಿದರು. ಬೀಗದ ಕೈಗೆ ಕೈ ಚಾಚಿದರು.

ಅವಳು ಅದನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಇದು ಇನ್ನು ನನ್ನ ಹತ್ರ ಇರ್ತದೆ. ಮುಂದಿನ ಬೇಸಗೆಗೆ ಆ ಡಾಮರು ಕೀಳಿಸಿ, ನನಗೆ ಹಪ್ಪಳ ಒಣಗಿಸಲಿಕ್ಕುಂಟು.” ಸೆರಗು ಹಿಂಡುತ್ತಾ ಅವಳು ಗಂಡನ ಮುಖವನ್ನೇ ನೋಡಿದಳು. “ನೀವು ಎರಡು ವರ್ಷಕ್ಕೊಮ್ಮೆ ಬಂದು ಹೋಗುವಾಗ ಈ ಮನೆ ತನ್ನಷ್ಟಕ್ಕೇ ಸೋರದೆ ನಿಂತಿತ್ತು ಅಂತ ಎಣಿಸಿದ್ರಾ?”

ಸರ್ವೋತ್ತಮರು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಅವರು ನಿಜವಾಗಿಯೂ ಹಾಗೆಯೇ ಎಣಿಸಿದ್ದರು.