ಡ್ರೈವರಣ್ಣ ತಾನೇ ಆರಿಸಿದ ಯಂತ್ರ

ಬೀದಿಯವರಿಗೆಲ್ಲ ಅವನು ಡ್ರೈವರಣ್ಣ. ನಿವೃತ್ತನಾಗುವವರೆಗೂ ನಗರದ ಬಸ್ಸು ಓಡಿಸಿದವನು. ಯಾವ ತಿರುವಿನಲ್ಲಿ ಗುಂಡಿಯಿದೆ, ಯಾವ ಸ್ಟಾಪಿನಲ್ಲಿ ಯಾರು ಓಡೋಡಿ ಬರುತ್ತಾರೆ ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ತಂಗಿಯ ಮನೆಗೆ ಬಂದ. ತಂಗಿ ದರ್ಜಿ. ಮುಂದಿನ ಕೋಣೆಯಲ್ಲೇ ಮಿಷನ್ ಇಟ್ಟುಕೊಂಡು, ಸಡಿಲವಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಬಿಚ್ಚಿ ಸಡಿಲಿಸುವುದು ಅವಳ ಕಸುಬು.

ಬಂದ ವರ್ಷವೇ ಅಣ್ಣನಿಗೆ ಲಕ್ವ ಹೊಡೆಯಿತು. ಕೈಕಾಲು ಬಹುಮಟ್ಟಿಗೆ ಸ್ವಾಧೀನಕ್ಕೆ ಬಂದವು, ಮಾತು ಮಾತ್ರ ಪೂರ್ತಿ ಮರಳಲಿಲ್ಲ. ಬೇಕಾದ ಪದ ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತಿತ್ತು. ಒಮ್ಮೊಮ್ಮೆ ಗೊತ್ತಿದ್ದ ಬೀದಿಯೇ ಗೊತ್ತಿಲ್ಲದಂತಾಗುತ್ತಿತ್ತು. ಆದರೂ ದಿನಾ ಬೆಳಿಗ್ಗೆ ಒಂದು ಸುತ್ತು ನಡೆಯದೆ ಇರಲಾರ.

ಒಂದು ದಿನ ಹೋದವನು ಮಧ್ಯಾಹ್ನವಾದರೂ ಬರಲಿಲ್ಲ. ತಂಗಿ ಕತ್ತರಿ ಬಿಸಾಕಿ ಹುಡುಕಲು ಓಡಿದಳು. ಕೊನೆಗೆ ಒಂದು ದೊಡ್ಡ ಕಟ್ಟಡದ ಗೇಟಿನ ಹೊರಗೆ ಸಿಕ್ಕಿದ. ಯಾರೆಂದು ಕೇಳಿದ್ದಕ್ಕೆ ತೊದಲಿದನೆಂದು, ಕುಡಿದಿರಬೇಕು ಎಂದುಕೊಂಡು ಕಾವಲುಗಾರ ಹೊರಗೆ ಕೂರಿಸಿದ್ದ. ಡ್ರೈವರಣ್ಣ ತಲೆ ತಗ್ಗಿಸಿಕೊಂಡೇ ಮನೆಗೆ ನಡೆದ.

ಅವನಿರುವ ಜಾಗ ಫೋನಿನಲ್ಲಿ ತೋರಿಸುವ ಯಂತ್ರ ಬೇಕೆಂದು ತಂಗಿಯ ಮಗಳು ಹಟ ಹಿಡಿದಳು. ಮೊದಲು ಕೈಗಡಿಯಾರ ತಂದಳು. ಮಾವ ಕೈ ತೊಳೆಯಲು ಬಿಚ್ಚಿದವನು ಅದನ್ನು ನಲ್ಲಿಯ ಪಕ್ಕದಲ್ಲೇ ಬಿಟ್ಟು ನಡೆದ. ಆಮೇಲೆ ಕೊರಳಿಗೆ ಹಾಕುವಂಥದ್ದು ತಂದಳು. ಅವನು ಅದನ್ನು ಬೆರಳಿನಿಂದ ತೂಗಾಡಿಸಿ, "ನಾನು... ಹಸುನಾ?" ಎಂದ.

ತಂಗಿ ಅಂಥವನ್ನು ಮಾರುವ ಅಂಗಡಿಗೆ ಹೋಗಿ ಕಷ್ಟ ಹೇಳಿಕೊಂಡಳು. "ಗುಂಡಿಯಷ್ಟು ಚಿಕ್ಕದಿದೆ ಮೇಡಂ," ಎಂದ ಅಂಗಡಿಯವನು. "ಪ್ಯಾಂಟಿನ ಸೊಂಟದ ಪಟ್ಟಿಯೊಳಗೆ ಹೊಲಿದುಬಿಡಿ. ಅವರಿಗೆ ಗೊತ್ತೇ ಆಗಲ್ಲ."

ಅವಳಿಗೆ ಅದೇನು ದೊಡ್ಡ ಕೆಲಸ! ಅದನ್ನು ಕೊಂಡು ಮನೆಗೆ ಬಂದು ಅಣ್ಣನ ಪ್ಯಾಂಟಿನ ಪಟ್ಟಿ ಬಿಚ್ಚಿದಳು, ಸೂಜಿಗೆ ದಾರ ಪೋಣಿಸಿದಳು. ಆದರೆ ಕೈ ಮುಂದೆ ಹೋಗಲಿಲ್ಲ. ತೊಡುವವರಿಗೆ ಹೇಳದೆ ಯಾರ ಬಟ್ಟೆಯಲ್ಲೂ ಅವಳು ಏನನ್ನೂ ಸೇರಿಸಿದವಳಲ್ಲ. ಪ್ಯಾಂಟು, ಯಂತ್ರ ಎರಡನ್ನೂ ಅವನ ಮುಂದಿಟ್ಟಳು.

"ಅಣ್ಣ, ಇದನ್ನ ಇದ್ರೊಳಗೆ ಹೊಲಿಯೋಣ ಅಂತಿದೀನಿ. ನೀನೆಲ್ಲಿದೀಯ ಅಂತ ನಮಗೆ ಗೊತ್ತಾಗುತ್ತೆ."

"ನಿಮಗೆ," ಎಂದ ಅವನು. ಆಮೇಲೆ ತನ್ನ ಎದೆ ಮುಟ್ಟಿಕೊಂಡು, "ನಂಗೆ?"

"ನಿಂಗೇನಣ್ಣ?"

"ಗೇಟು... ಅವನು ಕೇಳ್ದ. ನಾನು..." ಎಂದವನೇ ಮುಷ್ಟಿ ಬಿಗಿದು ಬಾಯಿಗೆ ಅಡ್ಡ ಹಿಡಿದ. ಕಣ್ಣು ತುಂಬಿತ್ತು.

ಅಂದು ಅವನು ಹೆದರಿದ್ದು ದಾರಿ ತಪ್ಪಿದ್ದಕ್ಕಲ್ಲ, ತಾನು ಯಾರೆಂದು ಹೇಳಲಾಗದೆ ಹೋದದ್ದಕ್ಕೆ ಎಂದು ಅವಳಿಗೆ ಆಗ ತಿಳಿಯಿತು.

ಮಾರನೆಯ ದಿನ ಮೂವರೂ ಅಂಗಡಿಗೆ ಹೋದರು. ಅಂಗಡಿಯವನು ಅಭ್ಯಾಸಬಲದಿಂದ ತಂಗಿಗೇ ವಿವರಿಸತೊಡಗಿದ. "ಅವರಿಗೆ ಹೇಳಿ, ಇಟ್ಕೊಳ್ಳೋರು ಅವರು," ಎಂದಳು. ಡ್ರೈವರಣ್ಣ ಒಂದೊಂದನ್ನೇ ಕೈಗೆತ್ತಿಕೊಂಡು, ಶಕ್ತಿ ಕುಂದಿದ ಬಲ ಹೆಬ್ಬೆರಳಿನಿಂದ ಒತ್ತಿ ನೋಡಿದ. ಗುಂಡಿ ಗಟ್ಟಿಯಿದ್ದದ್ದನ್ನೆಲ್ಲ ಪಕ್ಕಕ್ಕಿಟ್ಟ. ಕೊನೆಗೆ ಉಳಿದದ್ದು ದಪ್ಪನೆಯದೊಂದು. ಜಾಗ ತೋರಿಸುವುದರ ಜೊತೆಗೆ, ಒತ್ತಿದರೆ ತಂಗಿಗೆ ಕರೆ ಹೋಗಿ ಅದರಲ್ಲೇ ಮಾತಾಡಬಹುದಾದಂಥದ್ದು.

"ಮಾವ, ಇದು ಸೋಪಿನ ಥರ ಇದೆ!" ಎಂದಳು ತಂಗಿಯ ಮಗಳು.

"ಇದೇ," ಎಂದ ಅವನು.

"ದಿನಾ ಚಾರ್ಜ್ ಮಾಡ್ಬೇಕು, ಮರೆತ್ರೆ ಕಷ್ಟ," ಎಂದು ಅಂಗಡಿಯವನು ಎಚ್ಚರಿಸಿದ.

"ಡೀಸೆಲ್... ದಿನಾ," ಎಂದು ಡ್ರೈವರಣ್ಣ ಅವನ ಬಾಯಿ ಮುಚ್ಚಿಸಿದ. ಆಮೇಲೆ ತಂಗಿಯ ಫೋನು ತೋರಿಸಿ, "ಸುಮ್ಸುಮ್ನೆ... ನೋಡ್ಬೇಡ. ತಡ ಆದ್ರೆ... ಮಾತ್ರ," ಎಂದ. ಅವಳು ಒಪ್ಪಿದಳು. ಬೆಲ್ಟಿಗೆ ಸಿಕ್ಕಿಸುವಂಥ ಚೀಲವನ್ನು ಎಲ್ಲರಿಗೂ ಕಾಣುವ ಹಾಗೆಯೇ ಹೊಲಿದುಕೊಟ್ಟಳು.

ಕೆಲವು ವಾರಗಳ ಮೇಲೆ, ಗಿರಾಕಿಯೊಬ್ಬರ ಕೋಟಿನ ತೋಳು ಅಳೆಯುತ್ತಿದ್ದಾಗ ಅಣ್ಣನ ಯಂತ್ರದಿಂದ ಫೋನ್ ಬಂತು.

"ಪುಟ್ಟೀ... ರಸ್ತೆ ಅಗ್ದಿದಾರೆ."

ಅವಳು ಫೋನಿನಲ್ಲಿ ನೋಡಿದಳು. ಎರಡೇ ಬೀದಿ ಆಚೆ ಇದ್ದಾನೆ. "ಅಲ್ಲೇ ಇರಣ್ಣ, ಬಂದೆ."

"ಬೇಡ. ಹೇಳು."

ಅವಳಿಗೆ ಓಡಿಹೋಗಬೇಕೆನಿಸಿತು. ಆದರೂ ಫೋನು ನೋಡುತ್ತ ನಿಂತಲ್ಲಿಂದಲೇ ಹೇಳಿದಳು. "ಎದುರಿಗೆ ಔಷಧಿ ಅಂಗಡಿ ಕಾಣ್ತಾ? ಅಲ್ಲಿ ಎಡಕ್ಕೆ ತಿರುಗು. ಅದಲ್ಲ, ಅದು ಬಲ! ಹಾಂ, ಈಗ ನೇರ ಬಾ." ಗಿರಾಕಿ ಒಂದು ತೋಳು ಚಾಚಿಕೊಂಡೇ ಉಸಿರು ಬಿಗಿಹಿಡಿದು ನಿಂತಿದ್ದರು.

ಡ್ರೈವರಣ್ಣ ಬೆವರೊರೆಸಿಕೊಳ್ಳುತ್ತ ಒಳಗೆ ಬಂದ. ಗಿರಾಕಿಯ ಕಡೆ ನೋಡಿ, ತಂಗಿಯತ್ತ ಬೆರಳು ತೋರಿಸಿ, "ಒಳ್ಳೆ... ಕಂಡಕ್ಟರ್," ಎಂದ.