ಗಾಳಿಯೋ, ಸ್ಪ್ರಿಂಗೋ? ಕೇಳಿ ಕೇಳಿ ಸಾಕಾದ ಸ್ಪ್ರಿಂಗಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಗಡಿಯ ಶಟರ್ ಅರ್ಧಕ್ಕೆ ಎದ್ದು ನಿಂತಿದೆ. ಒಳಗೆ ಮೇಜಿನ ದೀಪದಡಿ ಐವತ್ತು ದಾಟಿದ ಹೆಂಗಸೊಬ್ಬರು ಬೆಟ್ಟದ ಸೈಕಲ್ಲಿನ ಹಿಂದಿನ ಶಾಕ್ ಅಬ್ಸಾರ್ಬರನ್ನು ವೈಸಿನ ದವಡೆಗೆ ಕಚ್ಚಿಸಿ, ಹಳೇ ಬನಿಯನ್ನಿನ ಚೂರಿನಿಂದ ಅದರ ಕೆಸರು ಒರೆಸುತ್ತಿದ್ದಾರೆ. ಕೈಗಿಂತ ಬಾಯಿಯೇ ಜೋರಾಗಿ ಓಡುತ್ತಿದೆ.

"ತೊಳೆದು ತನ್ನಿ ಅಂತ ಬಾಗಿಲಲ್ಲೇ ಬೋರ್ಡ್ ತೂಗುಹಾಕಿದೀನಿ. ಓದೋಕೆ ಬರಲ್ವಾ ಇವರಿಗೆ? ಗದ್ದೆ ಉತ್ತು ಬಂದವರ ಹಾಗೆ ತಂದು ಬಿಸಾಕಿ ಹೋಗ್ತಾರೆ."

ಅಷ್ಟರಲ್ಲಿ ಶಟರಿನ ಕೆಳಗಿನಿಂದ ಹೆಲ್ಮೆಟ್ ಹಾಕಿದ ತಲೆಯೊಂದು ತೂರಿ ಬರುತ್ತದೆ. "ಮೇಡಂ, ಒಂದೇ ಒಂದು ಡೌಟು. ಕಾಯಿಲ್ ಶಾಕ್ ಒಳ್ಳೇದಾ, ಏರ್ ಶಾಕ್ ಒಳ್ಳೇದಾ?"

ಅವರು ಬನಿಯನ್ನಿನ ಚೂರು ಕೆಳಗಿಟ್ಟು, ಕಣ್ಣು ಮುಚ್ಚಿ, ಒಂದು ಉದ್ದನೆಯ ಉಸಿರು ಬಿಡುತ್ತಾರೆ. "ಇನ್ನೂ ಟೀ ಕುಡಿದಿಲ್ಲಪ್ಪಾ ನಾನು," ಅನ್ನುತ್ತಾರೆ. ತಲೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ.

ಬೆಟ್ಟದ ಬುಡದ ಈ ಬೀದಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಸ್ಪ್ರಿಂಗಮ್ಮ ಎಂದು. ಅಂಗಡಿಯಲ್ಲಿ ಪಾಲುದಾರನಾಗಿರುವ ತಮ್ಮನ ಹೆಸರು ಗಾಳಿ. ಎರಡೂ ಗಿರಾಕಿಗಳು ಇಟ್ಟ ಹೆಸರುಗಳೇ. ಕಲ್ಲು, ಬೇರು, ಕೊರಕಲುಗಳ ಮೇಲೆ ಸೈಕಲ್ ಇಳಿಸುವವರಿಗೆ ಹಿಂಬದಿಯ ಕುಲುಕಾಟ ನುಂಗಿಕೊಳ್ಳಲು ಶಾಕ್ ಬೇಕೇ ಬೇಕು. ಅದರಲ್ಲಿ ಎರಡು ಬಗೆ. ಕಾಯಿಲ್ ಎಂದರೆ ಉಕ್ಕಿನ ಸುರುಳಿ ಸ್ಪ್ರಿಂಗ್. ತೂಕ ಹೆಚ್ಚು, ಆದರೆ ಸಣ್ಣ ಕಲ್ಲನ್ನೂ ಮೆತ್ತಗೆ ನುಂಗುತ್ತದೆ, ಉದ್ದದ ಇಳಿಜಾರಿನಲ್ಲಿ ಬಿಸಿಯಾದರೂ ಜಗ್ಗುವುದಿಲ್ಲ. ಆದರೆ ಒಂದು ತೂಕಕ್ಕೆ ಒಂದೇ ಸ್ಪ್ರಿಂಗ್. ಭಾರ ಬದಲಾದರೆ ಸ್ಪ್ರಿಂಗನ್ನೇ ಬದಲಿಸಬೇಕು. ಏರ್ ಶಾಕಿನಲ್ಲಿ ಸ್ಪ್ರಿಂಗಿನ ಕೆಲಸವನ್ನು ಕೊಳವೆಯೊಳಗಿನ ಗಾಳಿ ಮಾಡುತ್ತದೆ. ಹಗುರ, ಪುಟ್ಟ ಪಂಪಿನಿಂದ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಒಳಗಿನ ರಬ್ಬರ್ ಸೀಲ್ ಸವೆದರೆ ಮಾತ್ರ ಗಾಳಿ ಸೋರಿ ನಡುದಾರಿಯಲ್ಲಿ ಕೈಕೊಡುತ್ತದೆ.

"ಇಷ್ಟೇ ವಿಷಯ. ಇಷ್ಟಕ್ಕೆ ಜನ ನನ್ನ ತಲೆ ತಿಂತಾರೆ," ಎನ್ನುತ್ತಾರೆ ಸ್ಪ್ರಿಂಗಮ್ಮ. "ಗಂಟೆಗಟ್ಟಲೆ ಫೋನಲ್ಲಿ ವಿಡಿಯೋ ನೋಡಿರ್ತಾರೆ. ಎಲ್ಲಾ ತೀರ್ಮಾನ ಮಾಡ್ಕೊಂಡೇ ಬಂದಿರ್ತಾರೆ. ನಾನು ಹೂಂ ಅನ್ನೋವರೆಗೂ ಬಿಡಲ್ಲ. ಉಹೂಂ ಅಂದರೆ ತಮ್ಮನ ಹತ್ರ ಹೋಗಿ ಅದನ್ನೇ ಕೇಳ್ತಾರೆ."

ಅವರ ತಂದೆ ಸ್ಕೂಟರ್ ರಿಪೇರಿ ಮಾಡುತ್ತಿದ್ದವರು. ಸೀಮೆಎಣ್ಣೆಯಲ್ಲಿ ನಟ್ಟು ಬೋಲ್ಟು ತೊಳೆಯುತ್ತ ಬೆಳೆದ ಮಗಳು ತಂದೆಯ ನಂತರ ಅಂಗಡಿ ಹಿಡಿಯುವ ಹೊತ್ತಿಗೆ ಸ್ಕೂಟರುಗಳು ದೊಡ್ಡ ಶೋರೂಮುಗಳ ಪಾಲಾಗಿದ್ದವು. ವರ್ಷಗಟ್ಟಲೆ ಪಂಕ್ಚರ್ ಹಾಕಿಯೇ ದಿನ ತಳ್ಳಿದರು. ಬೆಟ್ಟಕ್ಕೆ ಸೈಕಲ್ಲಿನವರು ಬರತೊಡಗಿದ ಮೇಲೆ ಯಾರೋ ಒಬ್ಬ ಕೆಟ್ಟ ಶಾಕ್ ತಂದು, ಎಲ್ಲರೂ ಆಗಲ್ಲ ಅಂದರು ಎಂದು ಮುಖ ಇಳಿಬಿಟ್ಟು ನಿಂತ. "ಆಗಲ್ಲ ಅಂದವರು ಬಿಚ್ಚಿ ನೋಡಿದ್ರಾ ಅಂತ ಕೇಳಿದೆ. ಇಲ್ಲ ಅಂದ. ನಾನು ಬಿಚ್ಚಿದೆ."

ಬಿಚ್ಚುವ ಕೆಲಸ ಒಮ್ಮೆ ಅವರನ್ನು ಆಸ್ಪತ್ರೆಗೂ ಕಳಿಸಿದೆ. ಗಾಳಿ ಪೂರ್ತಿ ಬಿಟ್ಟಿದೀನಿ ಎಂದು ಗಿರಾಕಿಯೊಬ್ಬ ಆಣೆ ಮಾಡಿ ಕೊಟ್ಟ ಏರ್ ಶಾಕಿನಲ್ಲಿ ಗಾಳಿ ಇನ್ನೂ ಬಿಗಿದು ಕೂತಿತ್ತು. ತಿರುಪು ಸಡಿಲಾದದ್ದೇ ತಡ, ಕೊಳವೆ ಹಾರಿ ಗಲ್ಲಕ್ಕೆ ಬಡಿಯಿತು. ಹೊಲಿಗೆಯ ಗುರುತು ಈಗಲೂ ಇದೆ. ಅಂದಿನಿಂದ ಅವರಿಗೂ ಏರ್ ಶಾಕಿಗೂ ಎಣ್ಣೆ ಸೀಗೆಕಾಯಿ. ಯಾರು ಏನೇ ಕೇಳಲಿ, ಅವರ ಉತ್ತರ ಕಾಯಿಲ್. ತಮ್ಮನದು ಏರ್. ಅಕ್ಕ ತಮ್ಮನ ಈ ಜಗಳ ಅಂಗಡಿಯಲ್ಲಿ ಶುರುವಾಗಿ, ಮೆಟ್ಟಿಲು ಹತ್ತಿ, ಮೇಲಿನ ಮನೆಯ ಊಟದ ತಟ್ಟೆಯವರೆಗೂ ಬರುತ್ತದೆ. ಅವರ ತಾಯಿ ಕಿವಿಯಲ್ಲಿನ ಮಷೀನ್ ತೆಗೆದಿಟ್ಟೇ ಊಟಕ್ಕೆ ಕೂರುತ್ತಾರೆ.

ಈ ಮೊಂಡುತನಕ್ಕೆ ಪೆಟ್ಟು ಬಿದ್ದದ್ದು ಈ ವರ್ಷ, ಒಬ್ಬ ನರ್ಸಿನಿಂದ.

ಬೆಟ್ಟದ ಮೇಲಿನ ಹಟ್ಟಿಗಳಿಗೆ ಹೋಗುವ ರಸ್ತೆ ಮಣ್ಣು ಕುಸಿದು ಮುಚ್ಚಿಹೋಗಿದೆ. ಜೀಪು ಹೋಗುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಆ ನರ್ಸು ಸೈಕಲ್ಲಿಗೆ ಔಷಧಿಯ ಚೀಲಗಳನ್ನು ಬಿಗಿದುಕೊಂಡು ಕಾಲುದಾರಿಯಲ್ಲೇ ಹೋಗಿಬರುತ್ತಾರೆ. ಯಾರೋ ದಾನ ಕೊಟ್ಟ ಸೈಕಲ್ಲು. ಅದರ ಹಳೇ ಏರ್ ಶಾಕ್ ಸೋರಿ ಸೋರಿ ಸತ್ತಿತ್ತು. ಸ್ಪ್ರಿಂಗಮ್ಮ ನರ್ಸನ್ನೂ ತೂಗಿದರು, ತುಂಬಿದ ಚೀಲಗಳನ್ನೂ ತೂಗಿದರು. ಅಷ್ಟೂ ಭಾರ ಹೊರಬಲ್ಲ ಗಟ್ಟಿ ಕಾಯಿಲ್ ಹಾಕಿದರು. ತಮ್ಮ ಬೇಡ ಅಂದ. "ಭಾರ ಬದಲಾಗ್ತಾ ಇರುತ್ತೆ ಅಕ್ಕಾ, ಏರ್ ಹಾಕು." ಅಕ್ಕ ಕಿವಿಗೇ ಹಾಕಿಕೊಳ್ಳಲಿಲ್ಲ.

ಕೆಲವು ವಾರಗಳಾದ ಮೇಲೆ ನರ್ಸು ಚೈನಿಗೆ ಎಣ್ಣೆ ಹಾಕಿಸಲು ಬಂದರು. ಮುಖ ಬಾಡಿತ್ತು. ಶಾಕಿನ ಬಗ್ಗೆ ದೂರೇನೂ ಹೇಳಲಿಲ್ಲ. ತಮ್ಮ ಪಾಡಿಗೆ ತಾವು ಕಷ್ಟ ಹೇಳಿಕೊಂಡರು ಅಷ್ಟೇ.

"ಮೇಲಿಂದ ರಕ್ತದ ಸ್ಯಾಂಪಲ್ ತರ್ತೀನಲ್ಲ ಅಕ್ಕಾ, ಲ್ಯಾಬಿನವರು ವಾಪಸ್ ಮಾಡ್ತಿದಾರೆ. ದಾರೀಲಿ ಕುಲುಕಿ ಕೆಟ್ಟುಹೋಗಿದೆ, ಮತ್ತೆ ತನ್ನಿ ಅಂತಾರೆ. ಒಬ್ಬ ಅಜ್ಜಿ ಇದಾರೆ, ನರಾನೇ ಸಿಗಲ್ಲ ಅವರಿಗೆ. ಮೂರು ಸಲ ಚುಚ್ಚಿದೆ. ಮೊನ್ನೆ ನನ್ನ ಕಂಡು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು."

ಸ್ಪ್ರಿಂಗಮ್ಮ ಎಣ್ಣೆ ಡಬ್ಬಿ ಕೆಳಗಿಟ್ಟು, ಖಾಲಿ ಸೈಕಲ್ಲಿನ ಸೀಟು ಒತ್ತಿ ನೋಡಿದರು. ಹೋಗುವಾಗಿನ ಭಾರ ಮಾತ್ರ ತೂಗಿದ್ದರು. ಬರುವಾಗ ಏನು ತರ್ತೀರಿ ಎಂದು ಕೇಳಿರಲೇ ಇಲ್ಲ. ಚೀಲ ಬರಿದಾದ ಮೇಲೆ ಆ ಗಟ್ಟಿ ಸ್ಪ್ರಿಂಗ್ ಕುಗ್ಗುವುದೇ ಇಲ್ಲ. ಪ್ರತಿ ಕಲ್ಲಿಗೂ ಸೈಕಲ್ಲು ಪುಟಿಯುತ್ತದೆ, ಸ್ಯಾಂಪಲ್ ಡಬ್ಬಿಯೂ ಪುಟಿಯುತ್ತದೆ. "ತಮ್ಮ ಹಿಂದೆ ನಿಂತು ಗಂಟಲು ಸರಿ ಮಾಡ್ಕೊಂಡ. ಮಾತಾಡಿದ್ರೆ ನೋಡು ಅಂದೆ. ಮಾತಾಡಿದ."

ಗಾಳಿಯ ಸರದಿ ಬಂತು. ಒಳ್ಳೆಯ ಏರ್ ಶಾಕೊಂದನ್ನು ಹಾಕಿ, ಚೀಲ ಇಳಿಸಿದ ಮೇಲೆ ಇಷ್ಟು ಗಾಳಿ ಬಿಡಿ, ತುಂಬಿಸಿಕೊಂಡಾಗ ಇಷ್ಟು ಹೊಡೆಯಿರಿ ಎಂದು ತಮ್ಮ ನರ್ಸಿಗೆ ಕೈಹಿಡಿದು ಕಲಿಸಿದ. ಮೊದಲ ಸಲ ತಂದ ಸ್ಯಾಂಪಲ್ಲುಗಳು ಚೆನ್ನಾಗಿದ್ದವು. ಆಮೇಲೆ ಮತ್ತೆ ಅದೇ ಕಥೆ. ಈಗ ತಾಳ್ಮೆ ಕೆಟ್ಟದ್ದು ತಮ್ಮನಿಗೆ.

"ಎಷ್ಟು ಸಲ ಹೇಳ್ಬೇಕು ಸಿಸ್ಟರ್? ಇಳಿಯೋ ಮುಂಚೆ ಗಾಳಿ ಬಿಡಬೇಕು!"

"ಅಯ್ಯೋ, ಅಲ್ಲಿ ನನಗೆ ನಿಮ್ಮ ಗಾಳಿ ನೆನಪಿರುತ್ತೇನ್ರೀ?" ನರ್ಸೂ ಸಿಡುಕಿದರು. "ಒಂದು ಕಡೆ ಮಗು ಅಳ್ತಿರುತ್ತೆ, ಇನ್ನೊಂದು ಕಡೆ ಯಾರೋ ಕೆಮ್ತಿರ್ತಾರೆ. ಕತ್ತಲಾಗೋದರೊಳಗೆ ಕೆಳಗಿಳೀಬೇಕು. ನೀವೇ ಬಂದು ಗಾಳಿ ಬಿಡಿ!"

ಮಾರನೆಯ ದಿನ ಸ್ಪ್ರಿಂಗಮ್ಮ ಶಟರ್ ಎಳೆದು, ನರ್ಸಿನ ಜತೆ ಬೆಟ್ಟ ಹತ್ತಿದರು. ಸೈಕಲ್ಲಿನಲ್ಲಲ್ಲ, ನಡೆದುಕೊಂಡು. ದಾರಿಯುದ್ದಕ್ಕೂ ಮೊಣಕಾಲಿಗೆ, ಬಿಸಿಲಿಗೆ, ರಸ್ತೆ ಸರಿ ಮಾಡಿಸದವರಿಗೆ ಒಟ್ಟಿಗೇ ಶಾಪ ಹಾಕುತ್ತ ಹೋದರು. ಭಾರದ ಸೈಕಲ್ಲು ಎಷ್ಟು ನಿಧಾನವಾಗಿ ಹತ್ತುತ್ತದೆಂದರೆ ಅವರೇ ಮುಂದೆ ಹೋಗಿ ಕಲ್ಲಿನ ಮೇಲೆ ಕೂತು ಕಾಯಬೇಕಾಯಿತು. ಕಡಿದಾದ ಕಡೆಯೆಲ್ಲ ನರ್ಸು ಇಳಿದು ತಳ್ಳುತ್ತಿದ್ದರು. ಮೇಲೆ ಹೋದ ಕೂಡಲೇ ಜನ ಮುತ್ತಿಕೊಂಡರು. ಅಜ್ಜಿಯ ಮನೆಯ ಬಾಗಿಲು ಮುಚ್ಚಿತ್ತು. ನರ್ಸು ಹೊಸಲಿನಲ್ಲೇ ಕೂತು ಪೂಸಿ ಹೊಡೆದರು. ಕೊನೆಗೆ ಬಾಗಿಲು ತೆರೆದ ಅಜ್ಜಿ ಸ್ಪ್ರಿಂಗಮ್ಮನನ್ನು ನೋಡಿ, "ಚುಚ್ಚೋಕೆ ಇನ್ನೊಬ್ಬಳನ್ನ ಕರ್ಕೊಂಡು ಬಂದ್ಯಾ?" ಎಂದು ಕೇಳಿ, ತೋಳು ತೋರಿಸಿದರು. ಮೊಣಕೈಯ ಒಳಭಾಗವೆಲ್ಲ ನೀಲಿಗಟ್ಟಿತ್ತು.

"ಅಲ್ಲಿ ನಿಲ್ಲೋಕಾಗ್ಲಿಲ್ಲ ನನಗೆ. ಹೊರಗೆ ಬಂದು ಸೈಕಲ್ ಹತ್ರ ನಿಂತೆ. ಗಾಳಿ ನಾನೇ ಬಿಟ್ಟೆ," ಎನ್ನುತ್ತಾರೆ. ಆ ದಿನದ ಸ್ಯಾಂಪಲ್ ಕೆಡಲಿಲ್ಲ. ಆದರೆ ದಿನಾ ಯಾರು ಬೆಟ್ಟ ಹತ್ತುತ್ತಾರೆ?

ಕೆಳಗಿಳಿದವರೇ ಏರ್ ಶಾಕ್ ಬಿಚ್ಚಿ, ನರ್ಸಿನ ಮತ್ತು ಸ್ಯಾಂಪಲ್ ಡಬ್ಬಿಯ ತೂಕಕ್ಕೆ ಮಾತ್ರ ಹೊಂದುವ ಮೆತ್ತನೆಯ ಕಾಯಿಲ್ ಹುಡುಕಿ ಹಾಕಿದರು. ತಮ್ಮ ತಲೆ ಚಚ್ಚಿಕೊಂಡ. "ಚೀಲ ತುಂಬಿಸಿದ್ರೆ ಪೂರ್ತಿ ಕುಗ್ಗಿಹೋಗುತ್ತೆ ಅಕ್ಕಾ!"

"ಕುಗ್ಲಿ ಬಿಡೋ. ಹತ್ತೋವಾಗ ಆಮೆ ಥರ ಹೋಗ್ತಾಳೆ, ಅರ್ಧ ದಾರಿ ತಳ್ತಾಳೆ. ಮಾತ್ರೆ ಅಲುಗಾಡಿದ್ರೆ ಕಾಯಿಲೆ ವಾಸಿ ಆಗಲ್ವಾ? ಇಳಿಯೋವಾಗ ಇರೋದು ರಕ್ತ. ಅದು ಅಲುಗಬಾರದು."

ಆಮೇಲೆ ಲ್ಯಾಬಿನಿಂದ ಸ್ಯಾಂಪಲ್ ವಾಪಸ್ ಬಂದಿಲ್ಲ. ಪರೀಕ್ಷೆಯಲ್ಲಿ ಅಜ್ಜಿಯ ರಕ್ತ ತೀರ ಕಡಿಮೆಯಾಗಿರುವುದು ಗೊತ್ತಾಗಿ ಔಷಧಿ ಶುರುವಾಗಿದೆ. ಈಗ ಅಂಗಳಕ್ಕೆ ಬಂದು ಕೂರುವಷ್ಟು ಚೇತರಿಸಿಕೊಂಡಿದ್ದಾರಂತೆ. ತಮ್ಮ ಮಾತ್ರ ಸೋಲು ಒಪ್ಪಿಲ್ಲ. ನರ್ಸು ಗಾಳಿ ಬಿಟ್ಟಿದ್ದರೆ ಏರ್ ಶಾಕೇ ಸರಿಯಾಗಿತ್ತು ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಾನೆ. ಅವನು ಹೇಳುವುದರಲ್ಲಿ ತಪ್ಪಿಲ್ಲ ಎಂಬುದೇ ಅಕ್ಕನಿಗೆ ಇನ್ನಷ್ಟು ಉರಿ. ಬೇರೆ ಗಿರಾಕಿಗಳಿಗೆ ಏರ್ ಬೇಡ ಎಂದು ಈಗ ಅವರು ಕಣ್ಣುಮುಚ್ಚಿ ಹೇಳುವುದಿಲ್ಲ. ಹೋಗುವ ದಾರಿ, ಬರುವ ದಾರಿ ಎರಡನ್ನೂ ಕೇಳುತ್ತಾರೆ. ಹಾಗಾಗಿ ಪ್ರತಿಯೊಬ್ಬರ ಜತೆಗಿನ ಮಾತು ಮೊದಲಿಗಿಂತ ಉದ್ದವಾಗಿದೆ, ಅದಕ್ಕೂ ಗೊಣಗುತ್ತಾರೆ.

ಮೆಟ್ಟಿಲಿನ ಮೇಲೆ ಟೀ ಬಂದಿದೆ. ಗ್ಲಾಸು ಹಿಡಿದು ಬಾಗಿಲಿಗೆ ಒರಗಿ ನಿಂತವರನ್ನು, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೊದಲು ಕಣ್ಣರಳಿಸುತ್ತಾರೆ. ಆಮೇಲೆ ಬೆಟ್ಟದ ಕಡೆ ನೋಡುತ್ತಾರೆ.

"ಆ ರಸ್ತೆ ಒಂದು ಸರಿಯಾಗ್ಲಿ. ಸಿಸ್ಟರ್ ಪಾಪ, ಜೀಪಲ್ಲಿ ಕೂತು ಆರಾಮಾಗಿ ಹೋಗಿಬರ್ಲಿ. ನಾನು ಹಾಕಿದ ಸ್ಪ್ರಿಂಗು ಮೂಲೇಲಿ ತುಕ್ಕು ಹಿಡಿದ್ರೂ ಬೇಜಾರಿಲ್ಲ," ಎಂದು ಒಂದು ಗುಟುಕು ಕುಡಿದು, ಯಾಕೋ ಸಮಾಧಾನವಾಗದೆ ಮತ್ತೆ ಹೇಳುತ್ತಾರೆ, "ಆದ್ರೆ ಹೋಗೋ ಮುಂಚೆ ಆ ಜೀಪನ್ನ ಒಂದ್ಸಲ ಇಲ್ಲಿ ನಿಲ್ಲಿಸ್ಲಿ. ಅದರ ಶಾಕ್ ಯಾರು ಹಾಕಿದಾರೋ ಏನೋ."